ಅಳಿಸಿದ ಮಾತು

ಕೀಬೋರ್ಡಿನಿಂದ ಎಂಟರ್ ಕೀಯನ್ನು ತೆಗೆದುಹಾಕಿದ ಮೇಲೆ ಹುಟ್ಟಿದವರು ನಾವು. ಒತ್ತಿದ ಪ್ರತಿ ಅಕ್ಷರವೂ ಆ ಕ್ಷಣವೇ ಎದುರಿನವರ ಪರದೆಯಲ್ಲಿ ಮೂಡುತ್ತದೆ. ಅಳಿಸುವುದೂ ಕಾಣುತ್ತದೆ. ಆದರೆ ಅಳಿಸಿದ್ದನ್ನು ಕಂಡರೂ ಕಾಣದಂತಿರುವುದೇ ಮರ್ಯಾದೆ ಎಂದು ಒಂದನೇ ತರಗತಿಯಲ್ಲೇ ಕಲಿಸಿಬಿಡುತ್ತಾರೆ.

ಇವತ್ತು, ಗ್ರಂಥಾಲಯದಲ್ಲಿ ಪರಿಚಯವಾದ ಪ್ರಭಂಜನರಿಗೆ 'ಭಾನುವಾರ ಕೆರೆ ಏರಿ ಮೇಲೆ ಸಿಗೋಣ್ವಾ' ಎಂದು ಬರೆದೆ. ಅಷ್ಟನ್ನೂ ಅಳಿಸಿ, 'ನನ್ನ ಛತ್ರಿ ನಿಮ್ಮ ಹತ್ರಾನೇ ಇದೆ' ಎಂದು ಬರೆದೆ.

ಪಕ್ಕದಲ್ಲಿ ಅವರೆಕಾಳು ಹಿತುಕುತ್ತಿದ್ದ ಅತ್ತಿಗೆ ನಕ್ಕರು. "ಮಳೆಗಾಲ ಮುಗಿದ್ರೂ ಛತ್ರಿನೇ ಕೇಳ್ತಿದ್ದೀಯಲ್ಲೇ. ಪಾಪ, ಅವರು ಮರ್ಯಾದಸ್ಥರು. ಅಳಿಸಿದ್ದನ್ನ ನೋಡೇ ಇಲ್ಲ ಅಂತ ಕೂತ್ಕೊಂಡು ಮುದುಕರಾಗ್ತಾರೆ, ಅಷ್ಟೆ."

"ಸುಮ್ನಿರಿ ಅತ್ತಿಗೆ."

ಅಷ್ಟರಲ್ಲಿ ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: 'ಐದು ಗಂಟೆಗೆ ಬರ್ಲಾ'. ನಾನು ಉಸಿರು ಬಿಡುವುದರೊಳಗೆ ಅದು ಕೊನೆಯಿಂದ ಅಳಿಸಿಹೋಗಿ, ಆ ಜಾಗದಲ್ಲಿ 'ಛತ್ರಿ ತಂದ್ಕೊಡ್ತೀನಿ' ಎಂದು ಬಂತು.

ನಾನು 'ಹೂಂ, ಐದಕ್ಕೆ' ಎಂದು ಒತ್ತಿದೆ. ಬೆರಳು ತಾನಾಗಿ ಅಳಿಸುವ ಕೀಯ ಕಡೆಗೆ ಹೋಯಿತು.

ಅತ್ತಿಗೆ ಒದ್ದೆ ಕೈಯಲ್ಲೇ ಆ ಬೆರಳನ್ನು ಹಿಡಿದುಕೊಂಡರು.