ಗೊಬ್ಬರದ ಗುಂಡಿಯ ಪಾಪ

ಗುದ್ದಲಿಯ ಪೆಟ್ಟು ಬಿದ್ದ ಮೇಲೆಯೇ ವಾಸಪ್ಪಗೌಡರು ಕಣ್ಣು ಬಿಟ್ಟು ನೋಡಿದ್ದು. ಗೊಬ್ಬರದ ಗುಂಡಿಯಲ್ಲಿ ಗೇಣುದ್ದದ ಕಪ್ಪು ಮೈಯೊಂದು ಸುರುಳಿ ಸುತ್ತಿ ಸುಮ್ಮನಾಯಿತು.

"ಅಯ್ಯೋ, ಹಾವು!"

ನಾಳೆ ಹೊಸನಗರದಿಂದ ಬೀಗರು ಮಗಳ ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಗುಂಡಿ ನಾರುತ್ತದೆಂದು ಖಾಲಿ ಮಾಡಲು ಇಳಿದದ್ದೇ ತಪ್ಪಾಯಿತು. ಹಾವು ಕೊಂದ ಮನೆಗೆ ನಾಗದೋಷ. ಸರ್ಪಸಂಸ್ಕಾರವಾಗದೆ ಶುಭಕಾರ್ಯವಿಲ್ಲ. ಈ ಸಂಬಂಧ ತಪ್ಪಿದರೆ ಇಂಥದ್ದು ಮತ್ತೆ ಸಿಕ್ಕೀತೇ?

ತಿರುಗಿದರೆ ಹಿಂದೆ ಮಗಳು ವಿನಯಾ. ಸಾಗರದ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಮುಂದೆ ಓದುತ್ತೇನೆಂದು ಅತ್ತು ಕರೆದು, ಯಾರೂ ಕೇಳದಿದ್ದಾಗ ಬಾಯಿ ಮುಚ್ಚಿಕೊಂಡಿದ್ದಳು. ಈಗ ಬಗ್ಗಿ, ಕಡ್ಡಿಯಿಂದ ಅದನ್ನು ಹೊರಳಿಸಿದಳು. ಮೈಯೆಲ್ಲ ಲೋಳೆ, ಎರೆಹುಳಕ್ಕಿರುವಂಥ ಉಂಗುರಗಳು. ಕಣ್ಣು ಎಲ್ಲಿವೆಯೆಂದು ಹುಡುಕಬೇಕು.

"ಯಾರ್ಗೂ ಹೇಳ್ಬ್ಯಾಡ ಮಗಾ. ನಿನ್ ಅಮ್ಮಂಗೂ."

"ನಾನೆಂತ ಹೇಳ್ಲಿ ಅಪ್ಪಯ್ಯ? ಕೊಂದೋರು ನೀವು. ಬಿಡಿ, ಇದನ್ನ ನಾನ್ ನೋಡ್ಕೋತೀನಿ."

ಅಡಿಕೆ ಹಾಳೆಯಲ್ಲಿ ಎತ್ತಿಕೊಂಡು ಹೋದಳು.

ಗೌಡರು ಬೋನಿಗೆ ಬಿದ್ದ ಇಲಿಯಂತಾದರು. ಹೇಳಿದರೆ ಮದುವೆ ಮುರಿಯುತ್ತದೆ. ಮುಚ್ಚಿಟ್ಟರೆ ಶಾಪ ಮುಂದೆ ಮಗಳಿಗೆ ಹುಟ್ಟುವ ಕೂಸಿಗೆ ತಟ್ಟುತ್ತದೆ. ಊಟ ಸೇರಲಿಲ್ಲ. ಕೊನೆಗೆ ಮಗಳನ್ನೇ ಕೇಳಿದರು: "ಹೇಳ್ಬಿಡ್ಲಾ?"

"ನಿಮ್ಗೆ ಪಾಪ ಅನ್ಸಿದ್ರೆ ಮುಚ್ಚಿಡ್ಬ್ಯಾಡಿ."

ಮರುದಿನ ತಾಂಬೂಲದ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಗೌಡರ ಬಾಯಿಂದ ಎಲ್ಲ ಹೊರಬಿತ್ತು. ವರನ ತಂದೆ ಸುರೇಂದ್ರ ಕೈ ಹಿಂದೆ ತೆಗೆದರು.

"ನಾಗನ ತಂಟೆ ಇರೋ ಮನೆ ಸಂಬಂಧ ನಮ್ಗೆ ಬ್ಯಾಡ ಗೌಡ್ರೇ."

ಪಾಯಸ ಮುಟ್ಟದೆ ಎದ್ದರು. ಕಾರು ಗೇಟು ದಾಟಿತು. ಗೌಡರು ಜಗಲಿಯ ಮೇಲೆ ಕುಸಿದು ಕೂತು ಅತ್ತೇಬಿಟ್ಟರು.

"ನನ್ ಪಾಪಕ್ಕೆ ನಿನ್ ಬಾಳು ಹಾಳಾತಲ್ಲೇ ಮಗಾ!"

"ಹಂಗನ್ಬ್ಯಾಡಿ ಅಪ್ಪಯ್ಯ. ಓದೋಕೆ ಹೋಗ್ತೀನಿ."

"ಹೋಗು. ಎಷ್ಟ್ ಬೇಕೋ ಅಷ್ಟ್ ಓದು."

ಅವಳು ಅಪ್ಪನ ಕಣ್ಣೀರು ಒರೆಸಿದಳು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಒಳಗೆ ಹೋಗಿ, ಕೋಣೆಯ ಬಾಗಿಲು ಹಾಕಿ, ಕಾಲೇಜಿನ ಮೇಡಂಗೆ ಫೋನ್ ಮಾಡಿದಳು.

"ಮೇಡಂ, ಹಾವಿನ ಥರಾನೇ ಕಾಣತ್ತೆ, ಆದ್ರೆ ಕಪ್ಪೆ ಬಳಗದ್ದು, ಮಣ್ಣೊಳಗೇ ಇರತ್ತೆ ಅಂತ ಒಂದು ಪ್ರಾಣಿ ಪಾಠ ಮಾಡಿದ್ರಲ್ಲ? ನಮ್ಮನೆ ಗೊಬ್ಬರದ ಗುಂಡೀಲೇ ಸಿಕ್ತು. ಬಾಟ್ಲೀಲಿ ಇಟ್ಟಿದೀನಿ. ಎಂಎಸ್ಸಿ ಸೇರೋಕೆ ಬರುವಾಗ ತರ್ತೀನಿ."