ಬಳೆಯ ಅಳತೆ

ಬಳೆ ಹೆಬ್ಬೆರಳಿನ ಬುಡಕ್ಕೆ ಬಂದು ನಿಂತಾಗ ಮುಕ್ತಾ ಕಣ್ಣು ಮುಚ್ಚಿಕೊಂಡಳು. ಹೋದ ವರ್ಷದ ನಾಗರಪಂಚಮಿಗೆ ಇಂಡಿ ಊರಿನ ಇದೇ ಮನೆಯ ಕಟ್ಟೆಯ ಮೇಲೆ ಬಳೆಗಾರ್ತಿ ರೇವವ್ವ ಏರಿಸಲು ಹೋದ ಬಳೆ ಚೂರಾಗಿ ರಕ್ತ ಬಂದಿತ್ತು.

“ಬ್ಯಾಡ ರೇವವ್ವ, ದೊಡ್ಡ ಅಳತೀದು ಕೊಡು.”

“ಸುಮ್ಮ ಕುಂಡ್ರಿ ಬಾಯಾರ. ಕೈ ಸಡ್ಲ ಬಿಡ್ರಿ.”

ಸಡಿಲ ಬಿಡುವುದಾದರೂ ಹೇಗೆ? ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಕೈಕಾಲು ದಪ್ಪವಾಗತೊಡಗಿದಂದಿನಿಂದ ಅವಳು ಶಾಲೆಯಲ್ಲಿ ಪಾಠ ಹೇಳುವಾಗಲೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಆ ಪಂಚಮಿಯ ಬಳಿಕ, ಇಂಜೆಕ್ಷನ್ನು ಸಾಲದಾದಾಗ, ಸಕ್ಕರೆ ಕಾಯಿಲೆಯ ಗುಳಿಗೆಯೊಂದು ಈ ರೋಗಕ್ಕೂ ಆದೀತೇ ಎಂದು ಪರೀಕ್ಷಿಸುತ್ತಿದ್ದ ಸೊಲ್ಲಾಪುರದ ಡಾಕ್ಟರರ ಸಂಶೋಧನೆಗೆ ಸೇರಿದ್ದಳು. ಗುಣವಾಗುವ ಭರವಸೆಯನ್ನು ಅವರು ಕೊಟ್ಟಿರಲಿಲ್ಲ. ಒಂದು ಹೊತ್ತೂ ಗುಳಿಗೆ ತಪ್ಪಿಸದಿದ್ದರೂ, ಗುಣ ಕಾಣದಿದ್ದರೆ ತಪ್ಪು ತನ್ನದೇ ಏನೋ ಎಂಬ ಅಳುಕು. ತನ್ನ ಕೈಯನ್ನು ತಾನು ನೋಡಿಕೊಳ್ಳುವುದನ್ನೇ ಬಿಟ್ಟಿದ್ದಳು.

ರೇವವ್ವ ಅವಳ ಅಂಗೈಯನ್ನು ಮೆಲ್ಲಗೆ ಒತ್ತಿ ಮಡಿಸಿದಳು. ತಣ್ಣನೆಯ ಗಾಜು ಗೆಣ್ಣು ದಾಟಿ ಸರಕ್ಕನೆ ಮಣಿಕಟ್ಟಿಗೆ ಜಾರಿತು.

ಮುಕ್ತಾ ಕಣ್ಣು ತೆರೆದಳು. “ಒಡೀಲಿಲ್ಲಾ?”

“ಯಾಕ ಒಡೀತೈತ್ರಿ? ಹೋದ ವರ್ಷ ಚೂರಾತಲ್ಲ, ಅದೇ ಅಳತಿ ಇದು. ನಿಮ್ಮ ಕೈ ಇಳದು ಸಣ್ಣ ಆಗ್ಯಾವ್ರಿ! ನೀವು ಹೇಳಿದ ದೊಡ್ಡದು ಇಟ್ಟಿದ್ರ ಮುಸುರಿ ತಿಕ್ಕುವಾಗ ಕಳಚಿ ಬಚ್ಚಲಕ್ಕ ಹೋಗ್ತಿತ್ತು.”

ಮುಕ್ತಾ ಕೈ ಅಲ್ಲಾಡಿಸಿದಳು. ಹಸಿರು ಬಳೆ ಮಣಿಕಟ್ಟಿನ ಸುತ್ತ ಹಗುರಾಗಿ ತಿರುಗಿತು. ಅವಳು, ರೇವವ್ವ ಕೇಳುವ ಮೊದಲೇ, ಇನ್ನೊಂದು ಕೈಯನ್ನು ಸೆರಗಿನಿಂದ ಹೊರತೆಗೆದು ಅವಳ ಮಡಿಲಲ್ಲಿಟ್ಟಳು.