ಕಸ್ತೂರಿಯ ಹೊಟ್ಟೆಕಿಚ್ಚು

ಒಬ್ಬ ಹೆಂಗಸಿಗೆ ಬಾಸ್ಕೆಟ್‌ಬಾಲ್ ಟೀಮಿನ ಮೇಲೆ ಹೊಟ್ಟೆಕಿಚ್ಚು ಎಂದರೆ ನಿಮಗೆ ನಗು ಬರಬಹುದು... ಆದರೂ ಪೂರ್ತಿ ಓದಿ.

ಧಾರವಾಡದ ಕಸ್ತೂರಿಗೆ ಐವತ್ತೆಂಟು ವರ್ಷ. ಗಂಡ ಗುರುಶಿದ್ದಪ್ಪ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದು ರಿಟೈರ್ ಆದವರು.

ಮನೆಯಲ್ಲಿ ಅವರದು ನಾಲ್ಕೇ ಮಾತು. ಊಟ, ನೀರು, ಹೂಂ, ಊಹೂಂ...

ಆದರೆ ಕಾಲೇಜಿನ ಹುಡುಗಿಯರ ಟೀಮ್ ಕೋರ್ಟಿಗೆ ಇಳಿಯಿತೆಂದರೆ ಅವರ ದನಿ ಓಣಿಯವರೆಗೂ ಕೇಳುತ್ತಿತ್ತು! ರಿಟೈರ್ ಆದ ಮೇಲೂ ಒಂದು ಮ್ಯಾಚನ್ನೂ ತಪ್ಪಿಸಲಿಲ್ಲ.

"ನಿಮ್ಮ ಮನಿಯವರು ಏನ್ ಒದರ್ತಾರ್ರೀ ಕಸ್ತೂರಕ್ಕ!" ಎಂದು ಪಕ್ಕದ ಮನೆಯವರು ನಗುತ್ತಿದ್ದರು.

ಆಕೆಯೂ ನಗುತ್ತಿದ್ದಳು. ಒಳಗೆ ಮಾತ್ರ ಏನೋ ಚುಚ್ಚುತ್ತಿತ್ತು... ಆ ದನಿಯಲ್ಲಿ ಒಂದು ಚೂರಾದರೂ ನನ್ನ ಪಾಲಿಗೆ ಬರಬಾರದೆ?

ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಗುರುಶಿದ್ದಪ್ಪ ಹಾಗೇ ಕುಸಿದುಬಿಟ್ಟರು. ಲಕ್ವಾ ಹೊಡೆದಿತ್ತು.

ಬಲಗೈ ಹೋಯಿತು, ಬಲಗಾಲು ಹೋಯಿತು... ಮಾತೂ ನಿಂತಿತು.

"ದಿನಾ ಒಂದೊಂದು ಹೆಸರು ಹೇಳಿಸ್ರಿ" ಎಂದಿದ್ದರು ಸ್ಪೀಚ್ ಥೆರಪಿ ಡಾಕ್ಟರ್.

ಕಸ್ತೂರಿ ಪ್ರತಿದಿನ ಗಂಡನ ಮುಂದೆ ಕೂರುತ್ತಿದ್ದಳು. "ಕ ಅನ್ರಿ... ಕಸ್ತೂರಿ ಅನ್ರಿ..."

ಅವರ ತುಟಿ ನಡುಗುತ್ತಿತ್ತು, ಕಣ್ಣು ತುಂಬುತ್ತಿತ್ತು. ದನಿ ಮಾತ್ರ ಬರುತ್ತಿರಲಿಲ್ಲ. ಹೀಗೇ ಮೂರು ತಿಂಗಳು...

ಒಂದು ದಿನ ಟೀಮಿನ ಕ್ಯಾಪ್ಟನ್ ಶಾಹೀನ್ ನದಾಫ್ ಮ್ಯಾಚಿನ ಲೈವ್ ಲಿಂಕ್ ಕಳಿಸಿದಳು. ಕಸ್ತೂರಿ ಫೋನನ್ನು ಗಂಡನ ಮುಂದಿಟ್ಟು, ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಾ ಕುಳಿತಳು.

"ಶೂಟ್!"

ಆಕೆಯ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಮೂರು ತಿಂಗಳಲ್ಲಿ ಗಂಡನ ಮೊದಲ ಮಾತು!

ಓಡಿ ಬಂದು ಗಂಡನ ಮುಖ ಹಿಡಿದುಕೊಂಡಳು. "ಇನ್ನೊಮ್ಮೆ ಅನ್ರಿ! ಏನರ ಅನ್ರಿ!"

ಅವರ ಕಣ್ಣು ಫೋನಿನ ಮೇಲೇ ಇತ್ತು...

ಸ್ನಾನ ಮಾಡಿಸುವವಳು ನಾನು. ತುತ್ತು ತಿನ್ನಿಸುವವಳು ನಾನು. ಮೊದಲ ಮಾತು ಮಾತ್ರ ಆ ಹುಡುಗಿಯರಿಗೆ?

ಆಕೆ ಫೋನ್ ಕಿತ್ತುಕೊಂಡು ಆಫ್ ಮಾಡಿದಳು. ಶಾಹೀನ್‌ಳ ನಂಬರನ್ನೇ ಬ್ಲಾಕ್ ಮಾಡಿದಳು.

ನಾಲ್ಕು ದಿನ ಗುರುಶಿದ್ದಪ್ಪ ಆ ಫೋನನ್ನೇ ನೋಡುತ್ತಾ ಕುಳಿತಿದ್ದರು. ಐದನೇ ದಿನ ಆಕೆಗೆ ತಡೆಯಲಾಗಲಿಲ್ಲ. ಡಾಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿ ಅತ್ತಳು.

"ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾ" ಎಂದರು ಡಾಕ್ಟರ್. "ಹುರುಪಿನ್ಯಾಗ ಬಾಯಿಗೆ ಬರೋ ಮಾತಿನ ದಾರಿನೇ ಬ್ಯಾರೆ. ಅವರಿಗೆ ಸದ್ಯಕ್ಕ ಅದೊಂದ ದಾರಿ ತೆರದದ. ನೀವು ಅದನ್ನ ಮುಚ್ಚಬ್ಯಾಡ್ರಿ."

ಬ್ಲಾಕ್ ತೆಗೆದು ಶಾಹೀನ್‌ಳನ್ನು ಕೇಳಿದರೆ, ಮರುದಿನವೇ ಮ್ಯಾಚ್ ಇತ್ತು. ಮನಸ್ಸಿಲ್ಲದ ಮನಸ್ಸಿನಿಂದ ಕಸ್ತೂರಿ ಗಂಡನನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೊರಟಳು.

ಟೀಮಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಸಾಲಾಗಿ ಐದು ಮ್ಯಾಚ್ ಸೋತಿತ್ತು. ನೋಡಲು ಬಂದವರು ಹತ್ತು ಜನವೂ ಇರಲಿಲ್ಲ.

"ಕಾಕಾ ಬಂದ್ರು!" ಎಂದು ಹುಡುಗಿಯರೆಲ್ಲ ಓಡಿ ಬಂದರು. ಗುರುಶಿದ್ದಪ್ಪ ಅರ್ಧ ಬಾಯಿಯಲ್ಲೇ ನಕ್ಕರು. ಆ ನಗು ಕಂಡು ಕಸ್ತೂರಿ ಮುಖ ಆಚೆ ತಿರುಗಿಸಿದಳು.

ಮ್ಯಾಚ್ ಶುರುವಾಯಿತು. "ಪಾಸ್!" "ಓಡು!" "ಶೂಟ್!"... ಗಂಡನ ಬಾಯಿಂದ ಒಂದೊಂದೇ ಮಾತು ಹೊರಗೆ ಬಂತು. ಕಸ್ತೂರಿ ತುಟಿ ಬಿಗಿಹಿಡಿದು ಕುಳಿತಿದ್ದಳು.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದು ಮುಗಿಯಿತು. ಹುಡುಗಿಯರು ಎಂಟು ಪಾಯಿಂಟ್ ಹಿಂದಿದ್ದರು.

ಆಗ ಗುರುಶಿದ್ದಪ್ಪ ಎಡಗೈಯಿಂದ ಹೆಂಡತಿಯ ಸೆರಗು ಜಗ್ಗಿ ಗೇಟಿನ ಕಡೆ ತೋರಿಸಿದರು.

"ಯಾಕ್ರೀ, ದಣಿವಾತೇನು?"

ನೀರು ಕುಡಿಯಲು ಬಂದಿದ್ದ ಶಾಹೀನ್ ನಕ್ಕಳು. "ದಣಿವಲ್ರಿ ಕಾಕೂ... ಕಾಕಾ ಯಾವಾಗ್ಲೂ ಹಿಂಗ. ಮೂರನೇ ಕ್ವಾರ್ಟರ್ ಮುಗೀತಂದ್ರ ಎದ್ದು ಹೊಂಟ್ರು."

"ಅಂದ್ರ?"

"ಕಡೀ ಕ್ವಾರ್ಟರ್ ಒಮ್ಮೆನೂ ನೋಡಿಲ್ರಿ. ಹೋದ ವರ್ಷ ನಾವು ಫೈನಲ್ ಗೆದ್ದಾಗೂ ಇರ್ಲಿಲ್ಲ. ನಿಲ್ರಿ ಕಾಕಾ ಅಂದ್ರ, 'ನಾ ಹೋಗೂತನಕ ನಮ್ಮ ಕಸ್ತೂರಿ ಚಾ ಕುಡಿಯಂಗಿಲ್ಲವ್ವಾ' ಅಂತಿದ್ರು..."

ಶಾಹೀನ್ ಮುಖ ಒರೆಸಿಕೊಳ್ಳುತ್ತಾ ಅಂದಳು, "ಖರೇ ಹೇಳ್ತೀನ್ರಿ ಕಾಕೂ... ನಿಮ್ಮ ಮ್ಯಾಲೆ ನಮಗ ಭಾಳ ಹೊಟ್ಟೆಕಿಚ್ಚಿತ್ತು!"

ಕಸ್ತೂರಿ ಗಂಡನ ಕಡೆ ತಿರುಗಿದಳು.

ಇಷ್ಟು ವರ್ಷ, ಮ್ಯಾಚ್ ಮುಗಿದ ಮೇಲೆ ಗಂಡ ಮನೆಗೆ ಬರುತ್ತಾರೆ ಎಂದುಕೊಂಡಿದ್ದಳು... ಚಹಾ ಕುಡಿಯದೆ ಕಾಯುತ್ತೇನೆ ಎಂದು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಆದರೆ ಅವರಿಗೆ ಗೊತ್ತಿತ್ತು!

ಕಣ್ಣೀರು ಧಾರೆಯಾಗಿ ಇಳಿಯಿತು. ಗಂಡನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚಾ ಎಲ್ಲಿಗೂ ಓಡಿಹೋಗಂಗಿಲ್ರಿ. ಇವತ್ತ ಪೂರ್ತಿ ನೋಡೂಣು."

ಕೊನೆಯ ಕ್ವಾರ್ಟರ್ ಶುರುವಾಯಿತು. ಕಸ್ತೂರಿಗೆ ಆಟದ ರೂಲ್ಸ್ ಒಂದೂ ಗೊತ್ತಿಲ್ಲ. ಆದರೂ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು...

"ಶಾಹೀನಾ! ಬಿಡಬ್ಯಾಡವಾ! ಹಾಕ, ಹಾಕ!"

ಗುರುಶಿದ್ದಪ್ಪ ಕೋರ್ಟ್ ಮರೆತು ಹೆಂಡತಿಯನ್ನೇ ನೋಡಿದರು. ಆಮೇಲೆ ಅವರೂ ದನಿ ಸೇರಿಸಿದರು. "ಶೂಟ್!"

ಪಾಯಿಂಟುಗಳು ಕೂಡುತ್ತಾ ಬಂದವು. ಎಂಟರ ಅಂತರ ಐದಾಯಿತು... ಮೂರಾಯಿತು... ಒಂದಾಯಿತು...

ಸೀಟಿ ಕೇಳಿಸಿತು. ಒಂದೇ ಒಂದು ಪಾಯಿಂಟಿನಿಂದ ಹುಡುಗಿಯರು ಸೋತರು.

ಶಾಹೀನ್ ಕೋರ್ಟಿನ ಮಧ್ಯೆ ಕುಕ್ಕರಿಸಿ ಅಳುತ್ತಿದ್ದಳು. ಕಸ್ತೂರಿ ವೀಲ್‌ಚೇರ್ ತಳ್ಳಿಕೊಂಡು ಸೀದಾ ಅವಳ ಹತ್ತಿರ ಹೋಗಿ ತಲೆ ನೇವರಿಸಿದಳು.

"ಏಳವಾ... ಸೋತ್ರೇನಾತು? ಮುಂದಿನ ಮ್ಯಾಚ್ ಎಂದೈತಿ ಹೇಳು. ನಾವಿಬ್ಬರೂ ಬರ್ತೀವಿ."

~

ನಮ್ಮವರು ಪ್ರೀತಿಸುವುದನ್ನು ನಾವೂ ಪ್ರೀತಿಸಲು ಕಲಿತ ದಿನ, ಹೊಟ್ಟೆಕಿಚ್ಚಿಗೆ ನಮ್ಮ ಮನೆಯಲ್ಲಿ ಜಾಗ ಇರುವುದಿಲ್ಲ.

ನಿಮ್ಮ ಮನೆಯವರು ಯಾವುದನ್ನು ಅರ್ಧಕ್ಕೇ ಬಿಟ್ಟು ದಿನವೂ ನಿಮ್ಮ ಬಳಿ ಓಡಿ ಬರುತ್ತಿದ್ದಾರೆ... ಒಮ್ಮೆಯಾದರೂ ಕೇಳಿದ್ದೀರಾ?